ಹಳೆಯ ಮೊಸಿನ್‌ಗೆ ಮರಳಿದವರ ವಿವೇಕ

ಸೋವಿಯತ್ ಸ್ನೈಪರ್‌ಗಳ ಮಾತು ಬಂದರೆ ಸಾಕು, ಲೆಕ್ಕ ಶುರುವಾಗುತ್ತದೆ. ಲುದ್ಮಿಲಾ ಪಾವ್ಲಿಚೆಂಕೊ 309, ಸ್ಟಾಲಿನ್‌ಗ್ರಾಡ್‌ನಲ್ಲಿ ವಸಿಲಿ ಜೈತ್ಸೆವ್ 225. ಹೆಣ ಎಣಿಸುವ ಈ ಚಾಳಿ ನನಗೆ ಹಿಡಿಸುವುದಿಲ್ಲ. ಆ ಯುದ್ಧದ ಸ್ನೈಪರ್ ರೈಫಲ್ ಹೇಗೆ ರೂಪುಗೊಂಡಿತು ಎಂದು ಕೇಳುವವರೇ ಕಡಿಮೆ. ಎರಡನೇ ಮಹಾಯುದ್ಧದ ಶಸ್ತ್ರಾಸ್ತ್ರಗಳ ಚರಿತ್ರೆಯಲ್ಲಿ ನಾನು ಬಹಳ ಗೌರವಿಸುವ ನಿರ್ಧಾರವೊಂದು ಆ ಕಥೆಯಲ್ಲಿದೆ.

ಮೊಸಿನ್ ರೈಫಲ್ ರಷ್ಯಾದ ಸೇನೆಗೆ ಸೇರಿದ್ದು 1891ರಲ್ಲಿ, ತ್ಸಾರ್ ಕಾಲದಲ್ಲಿ. 1930ರಲ್ಲಿ ಅದನ್ನು ಸುಧಾರಿಸಿದರು, ಆಮೇಲೆ ದುರ್ಬೀನು ಕೂರಿಸಿ ಸ್ನೈಪರ್‌ಗಳಿಗೆ ಕೊಟ್ಟರು. 1940ರ ಹೊತ್ತಿಗೆ ಇದರ ಕಾಲ ಮುಗಿಯಿತು ಎಂದುಕೊಂಡು ಟೊಕಾರೆವ್ ವಿನ್ಯಾಸದ ಎಸ್‌ವಿಟಿ-40 ರೈಫಲನ್ನು ಆ ಜಾಗಕ್ಕೆ ತಂದರು. ಅದರಲ್ಲಿ ಮದ್ದು ಸಿಡಿದಾಗ ಹುಟ್ಟುವ ಅನಿಲದ ಒತ್ತಡವೇ ಮುಂದಿನ ಗುಂಡನ್ನು ಒಳಗೆ ತಳ್ಳುತ್ತಿತ್ತು. ಒಮ್ಮೆ ತುಂಬಿದರೆ 10 ಗುಂಡು. ಅದಕ್ಕೆಂದೇ ಪಿಯು ಎಂಬ ಪುಟ್ಟ ದುರ್ಬೀನೂ ಸಿದ್ಧವಾಯಿತು, 3.5 ಪಟ್ಟು ಹಿಗ್ಗಿಸಿ ತೋರಿಸುವಂಥದ್ದು.

ಕಾಗದದ ಮೇಲೆ ಎಲ್ಲವೂ ಚೆನ್ನಾಗಿತ್ತು. ಗುಂಡುಗಳು ಮಾತ್ರ ಒಂದೆಡೆ ಕೂಡದೆ ಚದುರುತ್ತಿದ್ದವು. ವೇಗ ಕೊಟ್ಟ ವಿನ್ಯಾಸವೇ ನಿಖರತೆಗೆ ಮುಳುವಾಯಿತು. ಜರ್ಮನ್ನರು ಒಳನುಗ್ಗಿದ್ದರಿಂದ ಸೋವಿಯತ್ತರು ಕಾರ್ಖಾನೆಗಳ ಯಂತ್ರಗಳನ್ನೇ ಕಿತ್ತು ಪೂರ್ವಕ್ಕೆ ಸಾಗಿಸುತ್ತಿದ್ದ ದಿನಗಳವು. ಅಷ್ಟೊಂದು ಬಿಡಿಭಾಗಗಳ ರೈಫಲ್ ತಯಾರಿಸುವುದೇ ಹೊರೆಯಾಗಿತ್ತು.

ಆಗ ಸೋವಿಯತ್ತರು ಹಟ ಹಿಡಿಯಲಿಲ್ಲ. 1942ರಲ್ಲಿ ಎಸ್‌ವಿಟಿಯ ಸ್ನೈಪರ್ ಮಾದರಿಯನ್ನು ನಿಲ್ಲಿಸಿ ಮೊಸಿನ್‌ಗೆ ಮರಳಿದರು. ಹೊಸದರಲ್ಲಿ ಚೆನ್ನಾಗಿದ್ದ ಪಿಯು ದುರ್ಬೀನನ್ನು ಮಾತ್ರ ಬಿಡದೆ, ಹಳೆಯ ರೈಫಲಿನ ಎಡಮಗ್ಗುಲಿಗೆ ಹೊಸ ಆಧಾರ ಬಿಗಿದು ಅದರ ಮೇಲೆ ಕೂರಿಸಿದರು. ಯುದ್ಧದ ನಡುವೆ, ಮೇಲಿನವರು ಮೆಚ್ಚಿ ಒಪ್ಪಿದ್ದ ವಿನ್ಯಾಸವನ್ನು ಕೈಬಿಡುವುದು ಸಣ್ಣ ಮಾತಲ್ಲ.

ದುರ್ಬೀನು ಬಂದದ್ದೇ ತಡ, ಒಂದೊಂದೇ ತೊಡಕು ತಲೆಯೆತ್ತುತ್ತದೆ. ಪ್ರತಿ ಹೊಡೆತದ ನಂತರ ಕೈಯಿಂದ ಎಳೆದು ಮುಂದಿನ ಗುಂಡನ್ನು ಒಳಸೇರಿಸುವ ಅಗುಳಿಯೇ ಬೋಲ್ಟ್; ಮಾಮೂಲಿ ಮೊಸಿನ್‌ನಲ್ಲಿ ಅದರ ಹಿಡಿ ನೇರವಾಗಿ ಚಾಚಿಕೊಂಡಿರುತ್ತದೆ. ಅದನ್ನು ಮೇಲೆತ್ತಿದರೆ ದುರ್ಬೀನಿಗೆ ತಾಗುತ್ತದೆ. ಹಾಗಾಗಿ ಹಿಡಿಯನ್ನು ಉದ್ದ ಮಾಡಿ ಕೆಳಕ್ಕೆ ಬಾಗಿಸಿದರು. ಕ್ಲಿಪ್ ಇಟ್ಟು ಐದು ಗುಂಡುಗಳನ್ನು ಒಂದೇ ಸಲ ಒಳಗೆ ಒತ್ತುವ ದಾರಿಯನ್ನೂ ದುರ್ಬೀನು ಮುಚ್ಚಿತು. ಕೊರೆಯುವ ಚಳಿಯಲ್ಲಿ, ಮರಗಟ್ಟಿದ ಬೆರಳುಗಳಿಂದ ಒಂದೊಂದೇ ಗುಂಡು ತುಂಬಬೇಕಿತ್ತು.

ನನಗೆ ನಿಜಕ್ಕೂ ಸಿಟ್ಟು ಬರುವುದು ಅದರ ಬಟ್, ಅಂದರೆ ಹೆಗಲಿಗೆ ಒತ್ತಿಕೊಳ್ಳುವ ಮರದ ಹಿಂಭಾಗ, ನೋಡಿದಾಗ. ದುರ್ಬೀನು ಅಷ್ಟು ಎತ್ತರದಲ್ಲಿದೆ. ಕೆನ್ನೆ ಊರಲು ಒಂದು ಮರದ ತುಂಡಾದರೂ ಬೇಡವೇ? ಕಣ್ಣು ಮಸೂರದ ನೇರಕ್ಕೆ ಬರಬೇಕಾದರೆ ಕೆನ್ನೆಯ ಬದಲು ಗಲ್ಲವನ್ನು ಬಟ್ಟಿಗೆ ಆನಿಸಬೇಕು. ಅದೇ ಕಾಲದ ಬ್ರಿಟಿಷ್ ಸ್ನೈಪರ್ ರೈಫಲಿನಲ್ಲಿ, ಲೀ-ಎನ್‌ಫೀಲ್ಡ್ ನಂ. 4ರ ಬಟ್ಟಿಗೆ, ಮರದ ಕೆನ್ನೆದಿಂಬನ್ನು ಸ್ಕ್ರೂ ಹಾಕಿ ಕೂರಿಸುತ್ತಿದ್ದರು. 1943ರಲ್ಲಿ ಮಾಸ್ಕೋ ಬಳಿ ಮಹಿಳಾ ಸ್ನೈಪರ್‌ಗಳಿಗೆಂದೇ ತರಬೇತಿ ಶಾಲೆ ತೆರೆದರು. ಅಲ್ಲಿಂದ ರಣರಂಗಕ್ಕೆ ಹೋದ ಹುಡುಗಿಯರು ಈ ರೈಫಲಿನ ಹಿಂದೆ ಕತ್ತು ನಿಗುರಿಸಿಕೊಂಡು ಗಂಟೆಗಟ್ಟಲೆ ಮಲಗಿರಬೇಕಿತ್ತು. ಬೋಲ್ಟ್ ಬಾಗಿಸಲು ಹೊಳೆದ ಬುದ್ಧಿ ಇದಕ್ಕೇಕೆ ಹೊಳೆಯಲಿಲ್ಲ?

ತಾನಾಗಿ ಗುಂಡು ತುಂಬಿಕೊಂಡೂ ನಿಖರವಾಗಿ ಹೊಡೆಯುವ ಸ್ನೈಪರ್ ರೈಫಲ್ ಸೋವಿಯತ್ ಸೇನೆಗೆ ದಕ್ಕಿದ್ದು 1963ರಲ್ಲಿ. ಅದೇ ಡ್ರಾಗುನೋವ್, ನಮ್ಮ ಭಾರತೀಯ ಸೇನೆಯೂ ದಶಕಗಳ ಕಾಲ ಹೆಗಲಿಗೇರಿಸಿಕೊಂಡ ರೈಫಲ್. ಅದರ ಬಟ್ಟಿನ ಮೇಲೆ ಕೆನ್ನೆದಿಂಬು ಇದೆ.