ಉಷಾರಿಲ್ಲ ಎಂದರೆ ಎಷ್ಟು ಉಷಾರಿಲ್ಲ?

ಉಡುಪಿ ಕಡೆಯ ಮನೆಗಳಿಂದ ದುಬೈಗೆ ಬರುವ ಫೋನಿನಲ್ಲಿ ಎರಡು ಮಾತು ಖಾಯಂ. ‘ಇಲ್ಲಿ ಎಲ್ಲ ಉಷಾರಿದ್ದೇವೆ’ ಎಂಬುದು ಒಂದು. ‘ಅಮ್ಮನಿಗೆ ಚೂರು ಉಷಾರಿಲ್ಲ, ಎಂತ ಇಲ್ಲ, ನೀನು ಗಾಬರಿ ಮಾಡ್ಬೇಡ’ ಎಂಬುದು ಇನ್ನೊಂದು. ಈ ಎರಡನೇ ಮಾತಿನ ಒಳಗೆ ನೆಗಡಿ ಇರಬಹುದು, ಐಸಿಯು ಕೂಡ ಇರಬಹುದು. ಹೊರಗಿರುವವರು ಅದನ್ನು ಹೇಳುವವರ ದನಿಯಿಂದಲೇ ಅಳೆಯಬೇಕು.

ಹೀಗೆ ಮುಚ್ಚಿಡುವುದು ಪ್ರೀತಿಯಿಂದಲೇ. ಅದಕ್ಕೊಂದು ಕಾಲದಲ್ಲಿ ಅರ್ಥವೂ ಇತ್ತು. ‘ನಾವೆಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಪತ್ರ ಬರೆಯಿರಿ’ ಎಂದು ಶುರುವಾಗುತ್ತಿದ್ದ ಕಾಗದ ಕೈ ಸೇರುವಷ್ಟರಲ್ಲಿ ಊರಿನ ಜ್ವರ ಬಿಟ್ಟು ಗಂಜಿಯಿಂದ ಅನ್ನಕ್ಕೆ ಬಂದಿರುತ್ತಿತ್ತು. ಏನೂ ಮಾಡಲಾಗದವನಿಗೆ ಹೇಳಿ ಏನು ಪ್ರಯೋಜನ? ಈಗ ಹಾಗಿಲ್ಲ. ಮಣಿಪಾಲದ ಲ್ಯಾಬಿನ ರಿಪೋರ್ಟು ಎರಡು ನಿಮಿಷದಲ್ಲಿ ಶಾರ್ಜಾದ ಫೋನಿಗೆ ಬರುತ್ತದೆ, ಅದನ್ನು ಇಲ್ಲಿಯ ವೈದ್ಯರಿಗೂ ತೋರಿಸಬಹುದು. ಸುದ್ದಿ ಸಾಗುವ ದಾರಿ ಬದಲಾದರೂ ಹೇಳುವ ಕ್ರಮ ಮಾತ್ರ ಆ ಕಾಗದದ ಕಾಲದ್ದೇ ಉಳಿದಿದೆ ಎಂಬುದು ನನ್ನ ತಕರಾರು.

ಇಲ್ಲಿಯ ಕ್ರಮ ತದ್ವಿರುದ್ಧ. ಕ್ಲಿನಿಕ್ಕಿಗೆ ಹೋಗಿ ಬಂದವನ ಬಳಿ ಅಂಕಿ ಇರುತ್ತದೆ, ಮದ್ದಿನ ಹೆಸರು ಇರುತ್ತದೆ, ಎಷ್ಟು ದಿನದ ಸಿಕ್ ಲೀವ್ ಎಂಬುದಿರುತ್ತದೆ. ಆದರೆ ಅವನ ರೂಮಿಗೆ ಗಂಜಿ ತರುವವರಿಲ್ಲ. ಊರಿನಲ್ಲಿ ಅಂಕಿ ಇಲ್ಲದಿದ್ದರೂ ಆಸ್ಪತ್ರೆಗೆ ಮಾತಾಡಿಸಲು ಇಪ್ಪತ್ತು ಮಂದಿ ಬರುತ್ತಾರೆ. ಊರಿನವರ ಈ ಓಡಾಟವನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ. ಕೊರತೆ ಇರುವುದು ಹೇಳುವ ರೀತಿಯಲ್ಲಿ.

‘ಬಿಪಿ ಸ್ವಲ್ಪ ಜಾಸ್ತಿ ಉಂಟಂತೆ’ ಎಂದರೆ ಏನೂ ಹೇಳಿದಂತಾಗಲಿಲ್ಲ. 150/90, ಬೆಳಿಗ್ಗೆ, ಮದ್ದು ತೆಗೆದುಕೊಳ್ಳುವ ಮೊದಲು ಎಂದರೆ ಅದು ಸುದ್ದಿ. ನೋಡುವ ಕ್ರಮವೂ ಇದೆ: ಐದು ನಿಮಿಷ ಬೆನ್ನು ಒರಗಿಸಿ ಕುಳಿತು, ಕಾಲು ನೆಲಕ್ಕೆ ಊರಿ, ಕೈಯನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು, ಒಂದು ನಿಮಿಷದ ಅಂತರದಲ್ಲಿ ಎರಡು ಸಲ. ಅಂಗಳದಿಂದ ಮೆಟ್ಟಿಲು ಹತ್ತಿ ಬಂದ ಕೂಡಲೇ ನೋಡಿದರೆ ಯಾರಿಗೂ ಜಾಸ್ತಿಯೇ ಬರುತ್ತದೆ. ಶುಗರ್ ಹೇಳುವಾಗ ಖಾಲಿ ಹೊಟ್ಟೆಯದ್ದೋ ಊಟವಾಗಿ ಎರಡು ಗಂಟೆಯ ನಂತರದ್ದೋ ಎಂಬುದು ಬೇಕೇ ಬೇಕು. ಒಂದೇ ಕುಟುಂಬ ಮೂರು ದೇಶದಲ್ಲಿ ಹರಡಿದ್ದರೆ ಇನ್ನೊಂದು ತೊಡಕಿದೆ. ಊರಿನ ಲ್ಯಾಬು ಸಕ್ಕರೆಯನ್ನು 126 (mg/dL) ಎಂದು ಬರೆದರೆ ಲಂಡನ್ನಿನಲ್ಲಿ ಅದೇ ಸಕ್ಕರೆ 7 (mmol/L) ಆಗುತ್ತದೆ, ಏಕೆಂದರೆ ಅಲ್ಲಿಯ ಅಳತೆ ಬೇರೆ, ಊರಿನ ಅಂಕಿಯನ್ನು 18ರಿಂದ ಭಾಗಿಸಬೇಕು. ಊರಿನ ಥರ್ಮಾಮೀಟರಿನ 101 ಫ್ಯಾರನ್‌ಹೀಟ್ ಇಲ್ಲಿ 38.3 ಸೆಲ್ಸಿಯಸ್. ಅಂಕಿ ಹೇಳಿದವರು ಅಳತೆಯನ್ನೂ ಹೇಳದಿದ್ದರೆ ಸುಮ್ಮನೆ ಹೆದರುವವರೂ ಇದ್ದಾರೆ, ಹೆದರಬೇಕಾದಲ್ಲಿ ನೆಮ್ಮದಿಯಾಗಿ ಮಲಗುವವರೂ ಇದ್ದಾರೆ.

ಮದ್ದಿನ ವಿಷಯ ಇನ್ನೂ ಸೂಕ್ಷ್ಮ. ‘ಬಿಳಿ ಮಾತ್ರೆ ಒಂದು, ಗುಲಾಬಿ ಮಾತ್ರೆ ಅರ್ಧ’ ಎಂಬ ಮಾತಿನಿಂದ ಯಾವ ಡಾಕ್ಟರಿಗೂ ಏನೂ ತಿಳಿಯದು. ಸ್ಟ್ರಿಪ್ಪಿನ ಹಿಂಬದಿಯ ಫೋಟೊ ಕಳಿಸಿ. ಮೆಡಿಕಲ್‌ನಲ್ಲಿ ಹತ್ತರ ಸ್ಟ್ರಿಪ್ಪಿನಿಂದ ನಾಲ್ಕು ಮಾತ್ರೆ ಕತ್ತರಿಸಿ ಕೊಟ್ಟಾಗ ಎಷ್ಟೋ ಸಲ ಹೆಸರು ಒಂದು ತುಂಡಿನಲ್ಲಿ, ಎಕ್ಸ್‌ಪೈರಿ ತಾರೀಕು ಇನ್ನೊಂದರಲ್ಲಿ ಹೋಗಿಬಿಡುತ್ತದೆ. ಹೆಸರಿರುವ ತುಂಡನ್ನೇ ಕೇಳಿ ಪಡೆಯಬೇಕು, ಇಲ್ಲವೇ ಬಿಲ್ ಇಟ್ಟುಕೊಳ್ಳಬೇಕು. ಹೆಸರಿನ ಬಾಲವೂ ಮುಖ್ಯ. ಬಿಪಿಗೆ ಕೊಡುವ ಟೆಲ್ಮಾ 40 ಒಂದೇ ಮದ್ದು, ಟೆಲ್ಮಾ ಎಎಂ ಎಂದರೆ ಅದರ ಜೊತೆ ಆಮ್ಲೋಡಿಪಿನ್ ಎಂಬ ಇನ್ನೊಂದು ಬಿಪಿ ಮದ್ದು, ಟೆಲ್ಮಾ ಎಚ್ ಎಂದರೆ ಮೂತ್ರ ಹೆಚ್ಚಿಸುವ ಮದ್ದು ಕೂಡಿದ್ದು. ಬರೇ ‘ಟೆಲ್ಮಾ’ ಎಂದು ಕೇಳಿಸಿಕೊಂಡು ತಂದರೆ ಒಂದರ ಬದಲು ಇನ್ನೊಂದು ಹೊಟ್ಟೆ ಸೇರುತ್ತದೆ. ಎದ್ದು ನಿಂತಾಗ ತಲೆ ತಿರುಗಿ ಬಚ್ಚಲಿನಲ್ಲಿ ಬೀಳುವುದಕ್ಕೆ ಎಷ್ಟೋ ಸಲ ಇಂಥದ್ದೇ ಕಾರಣ.

ಗಲ್ಫಿನವರು ಊರಿಗೆ ಹೊರಟಾಗ ಪೆಟ್ಟಿಗೆಯಲ್ಲಿ ನೋವಿಗೆ ಹಚ್ಚುವ ಏಕ್ಸ್ ಆಯಿಲ್ ಜೊತೆ ಪನಡಾಲ್ ಇರುತ್ತದೆ. ಪನಡಾಲೂ ಊರಿನ ಡೋಲೊ ಕೂಡ ಒಂದೇ ಮದ್ದು, ಪ್ಯಾರಾಸಿಟಮಾಲ್. ಇದು ಗೊತ್ತಿಲ್ಲದೆ ಡಾಕ್ಟರು ಬರೆದ ಡೋಲೊ 650 ದಿನಕ್ಕೆ ಮೂರು, ಮಗ ತಂದ ‘ಫಾರಿನ್ ಮಾತ್ರೆ’ 500ರದ್ದು ಎರಡೆರಡರಂತೆ ಮೂರು ಹೊತ್ತು ತೆಗೆದುಕೊಂಡರೆ ಒಟ್ಟು 4,950 ಮಿಲಿಗ್ರಾಂ ಆಯಿತು. ಆರೋಗ್ಯವಂತ ವಯಸ್ಕರಿಗೂ ದಿನದ ಮಿತಿ 4,000. ಕುಡಿತ ಇದ್ದವರಿಗೆ, ಲಿವರ್ ತೊಂದರೆ ಇದ್ದವರಿಗೆ, ಸಣಕಲು ದೇಹದ ವೃದ್ಧರಿಗೆ ಅದಕ್ಕಿಂತಲೂ ಕಡಿಮೆ. ಕೊಡುವಾಗಲೇ ಡಬ್ಬಿಯ ಮೇಲೆ ಮಾರ್ಕರಿನಿಂದ ‘ಡೋಲೊ ತಗೊಂಡಿದ್ರೆ ಇದು ಬೇಡ’ ಎಂದು ಕನ್ನಡದಲ್ಲಿ ಬರೆದಿಡಿ.

ಏಕಾದಶಿ ಬಂತೆಂದರೆ ನನಗೆ ಇನ್ನೊಂದು ಚಿಂತೆ. ನೀರೂ ಮುಟ್ಟದೆ ಉಪವಾಸ ಮಾಡುವ ಅಜ್ಜಿ ಎಂದಿನಂತೆ ಬೆಳಿಗ್ಗೆ ಗ್ಲಿಮೆಪಿರೈಡ್ ಎಂಬ ಶುಗರಿನ ಮದ್ದಿರುವ ಮಾತ್ರೆ ನುಂಗಿದರೆ ಮಧ್ಯಾಹ್ನದೊಳಗೆ ಸಕ್ಕರೆ ಕುಸಿಯಬಹುದು. ಬೆವರು, ನಡುಕ, ಮಾತು ತೊದಲುವುದು ಕಾಣಿಸುತ್ತದೆ, ಮನೆಯವರು ಉಪವಾಸದ ಸುಸ್ತು ಎಂದುಕೊಳ್ಳುತ್ತಾರೆ. ಸಕ್ಕರೆ 70ಕ್ಕಿಂತ ಕೆಳಗಿದ್ದರೆ, ಎಚ್ಚರ ಇದ್ದು ನುಂಗಲು ಆಗುತ್ತಿದ್ದರೆ, ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದು, ಆಸ್ಪತ್ರೆಗೆ ಓಡಬೇಕು. ಉಪವಾಸ ಬಿಡಿ ಎಂದು ನಾನು ಹೇಳುತ್ತಿಲ್ಲ, ಅದು ಅವರ ಜೀವನದ ನಿಷ್ಠೆ. ಆ ದಿನದ ಮಾತ್ರೆ ಏನು ಮಾಡಬೇಕೆಂದು ಡಾಕ್ಟರಲ್ಲಿ ಮೊದಲೇ ಕೇಳಿಡುವುದು ಮಗಳ ಕೆಲಸ, ಸೊಸೆಯ ಕೆಲಸ, ದೂರದಲ್ಲಿರುವ ಮಗನ ಕೆಲಸ ಕೂಡ. ಪಂಚಾಂಗ ಫೋನಿನಲ್ಲೇ ಇದೆ, ದಶಮಿಯಂದು ಒಂದು ಕರೆ ಸಾಕು.

ಮಂಗಳೂರಿನ ಮಲೇರಿಯಾ ಎಲ್ಲರಿಗೂ ಗೊತ್ತಿದ್ದದ್ದೇ. ‘ಮಲೇರಿಯಾ ಆಗಿತ್ತು, ಈಗ ಬಿಟ್ಟಿತು’ ಎಂದಾಗ ಕೇಳಬೇಕಾದ ಪ್ರಶ್ನೆ ಎರಡು: ಮಲೇರಿಯಾದ ಎರಡು ಬಗೆಯಲ್ಲಿ ರಿಪೋರ್ಟಿನಲ್ಲಿ ವೈವ್ಯಾಕ್ಸ್ ಎಂದಿದೆಯೋ ಫಾಲ್ಸಿಪಾರಂ ಎಂದೋ? ವೈವ್ಯಾಕ್ಸ್ ಆದರೆ ಪ್ರೈಮಾಕ್ವಿನ್ ಎಂಬ ಮಾತ್ರೆ 14 ದಿನ ಮುಗಿಯಿತೇ? ಮೂರು ದಿನದ ಕ್ಲೋರೊಕ್ವಿನ್‌ನಲ್ಲೇ ಜ್ವರ ಇಳಿಯುವುದರಿಂದ ಉಳಿದ ಮಾತ್ರೆ ಕಪಾಟಿನಲ್ಲಿ ಉಳಿಯುತ್ತದೆ. ಲಿವರಿನಲ್ಲಿ ಅಡಗಿ ಕುಳಿತ ರೋಗಾಣು ತಿಂಗಳುಗಳ ನಂತರ ಮತ್ತೆ ಎದ್ದು ಬರುತ್ತದೆ. ರಜೆ ಮುಗಿಸಿ ಇಲ್ಲಿಗೆ ಮರಳಿದವನಿಗೆ ಹಾಗೆ ಚಳಿಜ್ವರ ಬಂದರೆ, ಮಂಗಳೂರಿಗೆ ಹೋಗಿದ್ದೆ ಎಂದು ಬಾಯಿಬಿಟ್ಟು ಹೇಳದಿದ್ದರೆ ಇಲ್ಲಿಯ ಡಾಕ್ಟರಿಗೆ ಮಲೇರಿಯಾ ನೆನಪಿಗೇ ಬಾರದಿರಬಹುದು.

ಈಗ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ವಿಷಯ. ‘ಮಗನತ್ರ ಒಂದು ಮಾತು ಕೇಳಿ ಹೇಳ್ತೇವೆ’ ಎಂಬ ಊರಿನ ಮರ್ಯಾದೆ. ಬೆಳಿಗ್ಗೆ ಆರಕ್ಕೆ ಅಪ್ಪನ ಬಾಯಿ ವಾರೆಯಾಗಿದೆ, ಬಲಗೈ ಎತ್ತಲಾಗುತ್ತಿಲ್ಲ. ದುಬೈಯಲ್ಲಿ ಆಗ ನಾಲ್ಕೂವರೆ. ಮಗನ ಫೋನು ಸೈಲೆಂಟ್. ಯುಎಇಯಲ್ಲಿ ವಾಟ್ಸ್‌ಆಪ್ ಕರೆ ನೆಚ್ಚಿಕೊಳ್ಳುವಂತಿಲ್ಲ, ಊರಿನವರು ಅದಕ್ಕೇ ಮತ್ತೆ ಮತ್ತೆ ಒತ್ತುತ್ತಾರೆ. ಒಂದು ಗಂಟೆ ಹೀಗೇ ಹೋಗುತ್ತದೆ. ಪಾರ್ಶ್ವವಾಯುವಿನಲ್ಲಿ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವ ಸಮಯ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ, ಅದರೊಳಗೆ ಆಸ್ಪತ್ರೆ ತಲುಪಿ ಸಿಟಿ ಸ್ಕ್ಯಾನ್ ಕೂಡ ಆಗಬೇಕು. ಗಂಟೆ ಎಣಿಸುವುದು ನಾವು ನೋಡಿದ ಹೊತ್ತಿನಿಂದಲ್ಲ, ಅಪ್ಪ ಕೊನೆಯ ಸಲ ಸರಿಯಾಗಿದ್ದ ಹೊತ್ತಿನಿಂದ. ರಾತ್ರಿ ಎರಡಕ್ಕೆ ಎದ್ದು ಮಾತಾಡಿದ್ದರು ಎಂಬುದು ಯಾರಿಗಾದರೂ ನೆನಪಿದ್ದರೆ ಆಸ್ಪತ್ರೆಯಲ್ಲಿ ಮೊದಲು ಹೇಳಬೇಕಾದ ಮಾತು ಅದೇ.

ಹಾಗಾಗಿ ಹೊರಗಿರುವ ಮಕ್ಕಳು ಬಾಯಿಬಿಟ್ಟು, ಎಲ್ಲರೂ ಕೂತಿರುವಾಗ, ಒಮ್ಮೆ ಹೇಳಿಬಿಡಬೇಕು: ‘ನನ್ನನ್ನು ಕೇಳ್ಬೇಡಿ, ಮೊದಲು ಕರಕೊಂಡು ಹೋಗಿ. ಊರಲ್ಲಿರುವ ಭಾವ ಏನು ಹೇಳ್ತಾರೋ ಅದೇ.’ ಯಾವ ಆಸ್ಪತ್ರೆ, ಸಹಿ ಹಾಕುವವರು ಯಾರು, ಮುಂಗಡ ಕಟ್ಟಲು ಹಣ ಯಾರ ಖಾತೆಯಲ್ಲಿದೆ, ಇನ್ಶೂರೆನ್ಸ್ ಕಾರ್ಡು ಎಲ್ಲಿದೆ, ಇವೆಲ್ಲ ಅದೇ ದಿನ ತೀರ್ಮಾನವಾಗಲಿ. ಭಾವನಿಗೆ ಈ ಅಧಿಕಾರ ಎಲ್ಲರೆದುರು ಸಿಗದಿದ್ದರೆ ಆ ಹೊತ್ತಿಗೆ ಅವರೂ ಹಿಂಜರಿಯುತ್ತಾರೆ, ನಾಳೆ ಯಾರಾದರೂ ಒಂದು ಮಾತು ಹೇಳಿಬಿಟ್ಟಾರು ಎಂಬ ಅಳುಕು ಅವರಿಗಿರುತ್ತದೆ.

108ಕ್ಕೆ ಕರೆ ಮಾಡಿದಾಗ ‘ದೈವಸ್ಥಾನದ ಹಿಂದೆ, ಗುಡ್ಡೆಮನೆ’ ಎಂದರೆ ಡ್ರೈವರಿಗೆ ಸಾಲದು. ಡಾಮರು ರಸ್ತೆ ಬಿಟ್ಟು ಎಲ್ಲಿ ತಿರುಗಬೇಕು, ಆಂಬುಲೆನ್ಸ್ ಎಲ್ಲಿಯವರೆಗೆ ಬರುತ್ತದೆ, ತೋಟದ ಸಂಕ (ಕಾಲುಸೇತುವೆ) ದಾಟಿ ಎಷ್ಟು ದೂರ ಎತ್ತಿಕೊಂಡು ಬರಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಫೋನಿನ ಪಕ್ಕದ ಗೋಡೆಗೆ ಅಂಟಿಸಿಡಿ. ಗಾಬರಿಯಲ್ಲಿ ಸ್ವಂತ ಮನೆಯ ದಾರಿಯೂ ಬಾಯಿಗೆ ಬರುವುದಿಲ್ಲ. ಒಬ್ಬರು ಟಾರ್ಚ್ ಹಿಡಿದು ತಿರುವಿನಲ್ಲಿ ನಿಲ್ಲಲಿ.

ಆಸ್ಪತ್ರೆ ಸೇರಿದ ಮೇಲೆ ಹೊರಗೆ ಸುದ್ದಿ ಹೇಳುವವರು ಒಬ್ಬರೇ ಇರಲಿ. ಚಿಕ್ಕಮ್ಮ ಒಂದು, ಮಾಮ ಒಂದು, ಪಕ್ಕದ ಬೆಡ್ಡಿನವರು ಒಂದು ಹೇಳಿದರೆ ಮೂರು ರೋಗವಾಗುತ್ತದೆ. ರೌಂಡ್ಸ್ ಮುಗಿದ ಮೇಲೆ ದಿನಕ್ಕೆ ಒಂದು ವಾಯ್ಸ್ ಮೆಸೇಜ್ ಸಾಕು. ಡಿಸ್ಚಾರ್ಜ್ ಸಮ್ಮರಿಯ ಪುಟಗಳನ್ನು ಹಗಲು ಬೆಳಕಿನಲ್ಲಿ ನೆಲದ ಮೇಲೆ ಹರಡಿ, ಫ್ಲ್ಯಾಶ್ ಇಲ್ಲದೆ, ನಾಲ್ಕೂ ಮೂಲೆ ಕಾಣುವಂತೆ ತೆಗೆದು, ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೊ ಆಗಿ ಹೋದರೆ ವಾಟ್ಸ್‌ಆಪ್ ಅದನ್ನು ಕುಗ್ಗಿಸುತ್ತದೆ, 0.5 ಎಂಬುದರ ಚುಕ್ಕೆ ಅಳಿಸಿ 5 ಆಗಿ ಕಾಣಬಹುದು. ಕುಟುಂಬದ ಗ್ರೂಪಿಗೆ ರಿಪೋರ್ಟ್ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಅಕ್ಕನ ಗರ್ಭಕೋಶದ ಸ್ಕ್ಯಾನ್ ಐವತ್ತು ಜನ ನೋಡಬೇಕಾಗಿಲ್ಲ.

ಸಾವಿನ ಸುದ್ದಿಯಂತೂ ಮೆಸೇಜಿನಲ್ಲಿ ಬರಲೇಬಾರದು. ಮಗಳಿಗೆ ತಿಳಿಯುವ ಮೊದಲೇ ಗ್ರೂಪಿನಲ್ಲಿ ‘ಓಂ ಶಾಂತಿ’ ಸಾಲುಗಟ್ಟುವುದು ಕ್ರೂರ. ಮೊದಲು ಅವಳ ಗಂಡನಿಗೋ ಅದೇ ಊರಿನಲ್ಲಿರುವ ಗೆಳತಿಗೋ ಹೇಳಿ, ಪಕ್ಕದಲ್ಲಿ ಒಬ್ಬರು ಇರುವಾಗ ದನಿಯಲ್ಲೇ ಹೇಳಬೇಕು. ‘ಸೀರಿಯಸ್, ಬೇಗ ಬಾ’ ಎಂಬ ಸುಳ್ಳು ಬೇಡ. ಮೂರೂವರೆ ಗಂಟೆಯ ವಿಮಾನ ಪ್ರಯಾಣದ ಉದ್ದಕ್ಕೂ ಆಸೆ ಇಟ್ಟುಕೊಂಡು ಬಂದವಳು ಅಂಗಳದಲ್ಲಿ ಹಾಕಿದ ಕುರ್ಚಿಗಳನ್ನು ನೋಡಿ ತಿಳಿಯುವಂತಾಗುತ್ತದೆ. ಅವಳು ಬರುವವರೆಗೆ ಕಾಯುವುದೋ ಇಲ್ಲವೋ ಎಂಬುದನ್ನೂ ಅದೇ ಕರೆಯಲ್ಲಿ ಕೇಳಿ.

ಹೊರಗಿರುವವರೂ ಮುಚ್ಚಿಡುವುದರಲ್ಲಿ ಹಿಂದೆ ಬಿದ್ದಿಲ್ಲ. ಕೆಲಸ ಹೋದದ್ದು, ಕಿಡ್ನಿಯ ಕಲ್ಲು, ರಾತ್ರಿ ನಿದ್ದೆ ಬಾರದಿರುವುದು, ಯಾವುದನ್ನೂ ನಾವು ಮನೆಗೆ ಹೇಳುವುದಿಲ್ಲ. ಅಮ್ಮ ‘ಉಷಾರಿದ್ದೀಯಾ?’ ಎಂದು ಕೇಳಿದರೆ ‘ಹ್ಞಾಂ, ನೀವು ಉಷಾರಾ?’ ಎಂದು ಮಾತು ತಿರುಗಿಸುತ್ತೇವೆ. ಊರಿನವರಿಂದ ಅಂಕಿ ಕೇಳುವ ಮೊದಲು ನಮ್ಮ ಬಿಪಿ ಎಷ್ಟೆಂದು ಅವರಿಗೆ ಹೇಳಿ ಶುರು ಮಾಡಬಹುದು.