ಮರಣಶಾಸನದಲ್ಲಿ ಒಂದು ಹಳೆಯ ಗುಡಿ

ಕಳೆದ ತಿಂಗಳು ನನ್ನ ಉಯಿಲನ್ನು ನೋಂದಣಿ ಮಾಡಿಸಿದೆ. ಮೈಸೂರಿನ ಮನೆ ಇಬ್ಬರು ಮಕ್ಕಳಿಗೂ ಸಮನಾಗಿ ಸೇರುತ್ತದೆ. ನಿವೃತ್ತಿಯಾದಾಗ ಬಂದ ಹಣದಲ್ಲಿ 8 ಲಕ್ಷ ರೂಪಾಯಿಯನ್ನು ಮಾತ್ರ, ಬನ್ನೂರಿನ ಕಡೆಯ ನನ್ನ ತವರೂರಿನಲ್ಲಿರುವ ಹೊಯ್ಸಳರ ಕಾಲದ ಸಣ್ಣ ಗುಡಿಯೊಂದರ ಪಾಲನೆಗೆಂದು ಬರೆದಿದ್ದೇನೆ. ವಿಷಯ ತಿಳಿದ ಆಪ್ತರು ಕೇಳಿದ್ದು ಒಂದೇ ಪ್ರಶ್ನೆ: “ಅದಕ್ಕೆಲ್ಲ ಸರ್ಕಾರ ಇದೆಯಲ್ಲ ಮೇಡಂ, ನೀವೇಕೆ ಕೊಡಬೇಕು?” ಅವರಿಗೆ ಎದುರಿಗೆ ಹೇಳಲಾಗದೆ ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೂವತ್ತೊಂದು ವರ್ಷ ಕನ್ನಡ ಪಾಠ ಹೇಳಿದವಳು ನಾನು. ಉಯಿಲಿಗೆ ನಮ್ಮ ದಸ್ತಾವೇಜುಗಳಲ್ಲಿರುವ ‘ಮರಣಶಾಸನ’ ಎಂಬ ಹೆಸರನ್ನು ಕೇಳಿದಾಗಲೆಲ್ಲ ನನಗೆ ನೆನಪಾಗುವುದು ಕಲ್ಲಿನ ಶಾಸನಗಳೇ. ದತ್ತಿಯ ಶಾಸನಗಳಲ್ಲಿ ನಂದಾದೀವಿಗೆಗೆ ಇಷ್ಟು, ನೈವೇದ್ಯಕ್ಕೆ ಇಷ್ಟು ಎಂದು ಬರೆಸುವಾಗ ‘ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ’ ಎಂಬ ಮಾತೂ ಮತ್ತೆ ಮತ್ತೆ ಬರುತ್ತದೆ. ಒಡೆದದ್ದನ್ನು, ಬಿರುಕು ಬಿಟ್ಟದ್ದನ್ನು ಸರಿಪಡಿಸಲೆಂದು ಭೂಮಿಯ ಹುಟ್ಟುವಳಿಯನ್ನು ಆಗಲೇ ಬಿಟ್ಟುಕೊಡುತ್ತಿದ್ದರು. ಕಟ್ಟಿದ ದಿನವೇ ಅದು ಮುಂದೊಂದು ದಿನ ಬಿರಿಯುತ್ತದೆಂದು ಒಪ್ಪಿಕೊಂಡು, ಅದಕ್ಕೆ ಬೇಕಾದ ಆದಾಯವನ್ನೂ ಗೊತ್ತುಮಾಡಿದ ಆ ಜನರ ವಿವೇಕ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಶಾಸನದ ಕೊನೆಯಲ್ಲಿ ಬರುವ ‘ದಾನಪಾಲನಯೋರ್ಮಧ್ಯೇ ದಾನಾಚ್ಛ್ರೇಯೋನುಪಾಲನಂ’ ಎಂಬ ಶ್ಲೋಕವನ್ನು ತರಗತಿಯಲ್ಲಿ ಎಷ್ಟು ಸಲ ಬಿಡಿಸಿ ಹೇಳಿದ್ದೇನೋ ಲೆಕ್ಕವಿಲ್ಲ. ಕೊಡುವುದು, ಕೊಟ್ಟದ್ದನ್ನು ಕಾಯುವುದು ಈ ಎರಡರಲ್ಲಿ ಕಾಯುವುದೇ ಹೆಚ್ಚಿನದು ಎಂಬುದು ಅದರ ಅರ್ಥ. ಇದನ್ನು ಮಕ್ಕಳಿಗೆ ಹೇಳಿಕೊಟ್ಟವಳು ನಾನು ಏನು ಮಾಡಿದೆ ಎಂಬ ಪ್ರಶ್ನೆ ಅರವತ್ತು ದಾಟಿದ ಮೇಲೆ ಕಾಡತೊಡಗಿತು.

ನಮ್ಮೂರಿನಿಂದ ಸೋಮನಾಥಪುರ ದೂರವೇನಲ್ಲ. ಮೂರನೆಯ ನರಸಿಂಹನ ದಂಡನಾಯಕ ಸೋಮನಾಥನು ಕಟ್ಟಿಸಿದ ಕೇಶವ ದೇವಾಲಯವು ಬೇಲೂರು, ಹಳೇಬೀಡುಗಳ ಜೊತೆಗೆ 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ನಾನು ಸಂತೋಷದಿಂದ ಅತ್ತಿದ್ದೆ. ಅಲ್ಲಿ ಕೇಂದ್ರ ಪುರಾತತ್ವ ಇಲಾಖೆಯಿದೆ, ಕಾವಲಿದೆ, ಹುಲ್ಲುಹಾಸಿದೆ. ಅದೇ ಕಾಲದ ಕಲ್ಲು, ಅದೇ ಕೈಗಳ ಪರಂಪರೆಯ ಕೆತ್ತನೆ ಇರುವ ಎಷ್ಟೋ ಗುಡಿಗಳು ಮಂಡ್ಯ, ಮೈಸೂರು ಜಿಲ್ಲೆಗಳ ಹಳ್ಳಿಗಳಲ್ಲಿ ಯಾವ ಪಟ್ಟಿಗೂ ಸೇರದೆ ನಿಂತಿವೆ. ನಮ್ಮೂರಿನದು ಅಂಥದ್ದೊಂದು.

ಅಂಥ ಗುಡಿಯನ್ನು ಕೆಡವುವುದು ಸಿಡಿಲೋ ಭೂಕಂಪವೋ ಅಲ್ಲ, ಹಕ್ಕಿಯ ಹಿಕ್ಕೆಯಲ್ಲಿ ಬಿದ್ದ ಅರಳಿಯ ಬೀಜ. ಚಾವಣಿಯ ಸಂದಿಯಲ್ಲಿ ಮೊಳೆತದ್ದನ್ನು ಬೆರಳುದ್ದವಿರುವಾಗ ಕಿತ್ತರೆ ಒಬ್ಬ ಆಳಿನ ಅರ್ಧ ದಿನದ ಕೆಲಸ. ಹತ್ತು ವರ್ಷ ಬಿಟ್ಟರೆ ಬೇರು ತೊಲೆಯನ್ನೇ ಎತ್ತುತ್ತದೆ, ಆಗ ಕಲ್ಲನ್ನು ಇಳಿಸಿ ಮತ್ತೆ ಜೋಡಿಸಬೇಕಾಗುತ್ತದೆ. ಮಳೆನೀರು ಹೊರಹೋಗುವ ದಾರಿ ಕಟ್ಟಿಕೊಂಡರೆ ತಳಪಾಯದ ಮಣ್ಣು ಕುಸಿಯುತ್ತದೆ. ನಮ್ಮ ಗುಡಿಗೆ ಇವೆರಡಕ್ಕಿಂತ ಹೆಚ್ಚು ಹಾನಿ ಮಾಡಿದ್ದು, ಹೇಳಲು ಸಂಕಟವಾಗುತ್ತದೆ, ಒಬ್ಬ ದಾನಿಯ ಭಕ್ತಿ. ಅವರು ಕೊಟ್ಟ ಹಣದಲ್ಲಿ ಬಳಪದ ಕಲ್ಲಿನ ಕಂಬಗಳಿಗೆ ಎಣ್ಣೆ ಬಣ್ಣ ಬಳಿಸಿ, ಗಾರೆ ಇದ್ದ ಕಡೆ ಸಿಮೆಂಟು ಮೆತ್ತಿಸಿ, ಬಾಗಿಲ ಪಕ್ಕದಲ್ಲಿ ಗ್ರಾನೈಟಿನ ಫಲಕ ಹಾಕಿಸಿದರು. ಸುಣ್ಣದ ಗಾರೆ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟು ಬಿಡುವುದಿಲ್ಲ. ಒಳಗೆ ಉಳಿದ ನೀರು ಮೆದು ಕಲ್ಲಿನ ಮೈಯನ್ನು ಹಕ್ಕಳೆಯಾಗಿ ಕಳಚಿತು. ಒಂದು ಮದನಿಕೆಯ ಮುಖ ನನ್ನ ಕಣ್ಣೆದುರೇ ಹೋಯಿತು. ಆದ್ದರಿಂದ ನನ್ನ ಹಣದಲ್ಲಿ ಹೊಸದೇನನ್ನೂ ಕಟ್ಟಬಾರದು, ಬಣ್ಣ ಬಳಿಯಬಾರದು, ನನ್ನ ಹೆಸರನ್ನು ಎಲ್ಲಿಯೂ ಕೆತ್ತಿಸಬಾರದು ಎಂದು ಸ್ಪಷ್ಟವಾಗಿ ಬರೆಸಿದ್ದೇನೆ.

ಬರೆಸುವುದು ಸುಲಭವಾಗಲಿಲ್ಲ. ಮೊದಲು ಹೋದ ಪತ್ರಬರಹಗಾರರು “ದೇವಸ್ಥಾನದ ಅಭಿವೃದ್ಧಿಗೆ ಅಂತ ಹಾಕಿಬಿಡೋಣ ಅಮ್ಮ” ಎಂದರು. ನನಗೆ ಭಯವಿದ್ದುದು ಆ ‘ಅಭಿವೃದ್ಧಿ’ ಎಂಬ ಮಾತಿನ ಮೇಲೆಯೇ. ಎರಡನೆಯ ಸಲ ವಕೀಲರ ಬಳಿಗೆ ಹೋದೆ. ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಬರೆದವರ ಸಹಿ ಮತ್ತು ಇಬ್ಬರು ಸಾಕ್ಷಿಗಳ ಸಹಿ ಮುಖ್ಯ. ಬ್ಯಾಂಕಿನ ಠೇವಣಿಗೆ ಮಗಳನ್ನು ನಾಮಿನಿ ಮಾಡಿದ್ದೆ. ನಾಮಿನಿಯಾದವರು ಹಣವನ್ನು ಪಡೆದುಕೊಳ್ಳುವವರೇ ಹೊರತು ಅದರ ಒಡೆಯರಲ್ಲ, ಆದ್ದರಿಂದ ಆ ಹಣ ಎಲ್ಲಿಗೆ ಹೋಗಬೇಕೆಂಬುದು ಉಯಿಲಿನಲ್ಲಿಯೇ ಇರಬೇಕೆಂದು ತಿಳಿದದ್ದು ಆಗಲೇ. ಹಣವನ್ನು ಊರಿನ ಯಾರ ಕೈಗೂ ಕೊಡದೆ, ಹಳೆಯ ಕಟ್ಟಡಗಳ ಕೆಲಸ ಬಲ್ಲ ಒಂದು ನೋಂದಾಯಿತ ಟ್ರಸ್ಟಿಗೆ, ಅವರ ಲಿಖಿತ ಒಪ್ಪಿಗೆಯನ್ನು ಮೊದಲೇ ಪಡೆದು, ಬರೆದಿದ್ದೇನೆ. ಅಸಲನ್ನು ಮುಟ್ಟುವಂತಿಲ್ಲ. ನೂರಕ್ಕೆ ಆರೂವರೆ ಬಡ್ಡಿ ಬಂದರೆ ವರ್ಷಕ್ಕೆ 52,000 ರೂಪಾಯಿ. ಅದರಲ್ಲಿ ಕಾಲು ಭಾಗ ಅಸಲಿಗೆ ಮರಳಬೇಕು, ಇಲ್ಲವಾದರೆ ಬೆಲೆಯೇರಿಕೆ ಅದನ್ನು ತಿಂದುಹಾಕುತ್ತದೆ. ಉಳಿದದ್ದು ವರ್ಷಕ್ಕೆ ಎರಡು ಸಲ ಗಿಡ ಕೀಳಿಸಲು, ಮುಂಗಾರಿಗೆ ಮುಂಚೆ ಚರಂಡಿ ತೆಗೆಸಲು ಸಾಕು.

ಸಂರಕ್ಷಿತ ಸ್ಮಾರಕಕ್ಕೆ ಕೊಡಬಯಸುವವರಿಗೆ ದಾರಿ ಬೇರೆ. ಅಲ್ಲಿ ನಾವಾಗಿ ಆಳು ಹಚ್ಚುವಂತಿಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯು ಸ್ಮಾರಕದ ನಿರ್ವಹಣೆಗೆ ಸ್ವಯಂಪ್ರೇರಿತ ವಂತಿಗೆಯನ್ನು ಇಲಾಖೆ ಪಡೆಯಬಹುದೆಂದೂ, ಕೊಟ್ಟ ಉದ್ದೇಶಕ್ಕಲ್ಲದೆ ಬೇರೆಯದಕ್ಕೆ ಅದನ್ನು ಬಳಸಬಾರದೆಂದೂ ಹೇಳುತ್ತದೆ. 1996ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಂಸ್ಕೃತಿ ನಿಧಿಯ ಮೂಲಕವೂ ಇಂಥ ಸ್ಮಾರಕಕ್ಕೇ ಎಂದು ಕೊಡಬಹುದು.

ಮಗಳು ಒಂದು ಮಾತು ಕೇಳಿದಳು: “ನಾಳೆ ಆ ಗುಡಿಯೇ ಇರಲಿಲ್ಲ ಅಂದರೆ, ಅಮ್ಮ?” ಅದಕ್ಕೂ ಒಂದು ಸಾಲು ಸೇರಿಸಿದೆ. ಗುಡಿ ಉಳಿಯದಿದ್ದರೆ, ಅಥವಾ ಸರ್ಕಾರ ಅದನ್ನು ತನ್ನ ರಕ್ಷಣೆಗೆ ತೆಗೆದುಕೊಂಡರೆ, ಅದೇ ತಾಲ್ಲೂಕಿನ ಅಂಥದ್ದೇ ಇನ್ನೊಂದು ಗುಡಿಗೆ ಬಡ್ಡಿ ಸಲ್ಲಬೇಕು. ಮಗನಿಗೆ ಮೊದಲು ಸ್ವಲ್ಪ ಬೇಸರವಾಗಿತ್ತು, ಮುಚ್ಚಿಡುವುದಿಲ್ಲ. ನನ್ನ ಕಾಲಾನಂತರ ಕಾಗದದಲ್ಲಿ ಓದಿ ನೊಂದುಕೊಳ್ಳುವ ಬದಲು ನನ್ನೆದುರೇ ಬೇಸರಪಡಲಿ ಎಂದು ನಾನೇ ಕೂರಿಸಿಕೊಂಡು ಓದಿ ಹೇಳಿದೆ. ಎರಡು ವಾರದ ಮೇಲೆ ಅವನೇ ಫೋನ್ ಮಾಡಿ, ಗುಡಿಯ ನೀರು ಯಾವ ಕಡೆಗೆ ಹೋಗಬೇಕು ಎಂದು ಕೇಳಿದ. ಈಶಾನ್ಯದ ಮೂಲೆಗೆ, ಹಳೆಯ ಕಲ್ಲಿನ ಕಾಲುವೆ ಮಣ್ಣಿನಡಿ ಇದೆ ಎಂದೆ. ಬರುವ ಭಾನುವಾರ ಹಾರೆ ತೆಗೆದುಕೊಂಡು ಇಬ್ಬರೂ ಹೋಗುತ್ತಿದ್ದೇವೆ.