ಮಿದುಳಿನಂತೆ ಕಲಿಯುವ ಟಚ್ ಪರದೆ: ಕಾಸರಗೋಡಿನ ಕನ್ನಡ ಶಾಲೆಗೆ ಬೇಕೇ?

ಪರ: ಬೆರಳಿನ ನೆನಪು ಪರದೆಗೂ ಇರಲಿ

ನಮ್ಮ ಕಡೆ ಮಕ್ಕಳು ಮೊದಲ ಅಕ್ಷರ ಬರೆಯುವುದು ಹರಿವಾಣದ ಅಕ್ಕಿಯಲ್ಲಿ. ಮತ್ತೆ ಮತ್ತೆ ತೀಡಿದರೆ ಗೆರೆ ಆಳವಾಗುತ್ತದೆ. ಇಂದಿನ ಟಚ್ ಪರದೆಗೆ ಈ ಗುಣ ಇಲ್ಲ. ಬೆರಳು ಎಲ್ಲಿ ತಾಗಿತು ಅಂತ ಹೇಳುತ್ತದೆ, ಅಷ್ಟೇ. ಲೆಕ್ಕ ಮಾಡುವುದು ಪ್ರೊಸೆಸರ್, ನೆನಪಿಡುವುದು ಮೆಮೊರಿ. ಇವುಗಳ ನಡುವೆ ಮಾಹಿತಿ ಓಡಾಡುವುದಕ್ಕೇ ಕರೆಂಟು ಜಾಸ್ತಿ ಬೇಕು. ಲೆಕ್ಕ, ನೆನಪು ಎರಡೂ ಒಂದೇ ಕಡೆ ನಡೆಯುವ ನಮ್ಮ ಮಿದುಳಿಗೆ ಸುಮಾರು 20 ವ್ಯಾಟ್ ಸಾಕು.

ಪ್ರಯೋಗಾಲಯಗಳಲ್ಲಿ ತಯಾರಾಗುತ್ತಿರುವ ಹೊಸ ಪರದೆಗಳಲ್ಲಿ ಒತ್ತಿದ್ದನ್ನು ತಿಳಿಯುವುದು, ನೆನಪಿಡುವುದು, ಬೆಳಗುವುದು ಎಲ್ಲವೂ ಒಂದೇ ಜಾಗದಲ್ಲಿ. ಒಂದೇ ಕಡೆ ಹಲವು ಸಲ ಒತ್ತಿದರೆ ಅಲ್ಲಿ ಬೆಳಕು ಹೆಚ್ಚುತ್ತದೆ, ಬಿಟ್ಟರೆ ಮೆಲ್ಲ ಮಾಸುತ್ತದೆ. ನರಕೋಶಗಳ ನಡುವಿನ ಕೊಂಡಿ ಗಟ್ಟಿಯಾಗುವುದೂ ಹೀಗೆಯೇ. ಇಂಥ ಪರದೆಗಳಲ್ಲಿ ಬಳಸಬಹುದಾದ, ಹಿಂದೆ ಹಾದುಹೋದ ಕರೆಂಟನ್ನು ನೆನಪಿಡುವ ಮೆಮ್ರಿಸ್ಟರ್ ಎಂಬ ಬಿಡಿಭಾಗವನ್ನು ವಿಜ್ಞಾನಿ ಲಿಯಾನ್ ಚುವಾ 1971ರಲ್ಲಿ ಕಾಗದದ ಮೇಲೆ ಊಹಿಸಿದ್ದರು. ಕಂಪ್ಯೂಟರ್ ಕಂಪನಿ ಎಚ್‌ಪಿಯ ಪ್ರಯೋಗಾಲಯ ಎಚ್‌ಪಿ ಲ್ಯಾಬ್ಸ್ ಅದನ್ನು ಮಾಡಿ ತೋರಿಸಿದ್ದು 2008ರಲ್ಲಿ.

ಒತ್ತಕ್ಷರ ಬರೆಯುವಾಗ ಮಗು ಎಲ್ಲಿ ತಡವರಿಸಿತು, ಎಲ್ಲಿ ಬೆರಳು ಊರಿತು ಎಂದು ಪರದೆಯೇ ತೋರಿಸಿದರೆ ಟೀಚರಿಗೆ ಎಷ್ಟು ಅನುಕೂಲ, ಅಲ್ವಾ? ಮಗುವಿನ ಬರಹ ಯಾವುದೋ ದೂರದ ಸರ್ವರಿಗೆ ಹೋಗಬೇಕಾಗಿಯೂ ಇಲ್ಲ.

ವಿರೋಧ: ಮೊದಲು ಕನ್ನಡ ಬಲ್ಲ ಟೀಚರ್

ಅಕ್ಕಿಯ ಗೆರೆಯ ಮಾತು ನನಗೂ ಇಷ್ಟವಾಯಿತು. ಆದರೆ ಆ ಬೆರಳನ್ನು ಹಿಡಿದು ತೀಡಿಸುವ ಕೈಯೊಂದು ಇರುತ್ತದಲ್ಲ, ಅದನ್ನು ಮರೆತಿರಿ.

ಎಷ್ಟು ಸಲ ಒತ್ತಿದ್ದು ಎಂಬುದು ಪರದೆಗೆ ಗೊತ್ತು. ಸರಿಯೋ ತಪ್ಪೋ ಗೊತ್ತಿಲ್ಲ. ಮಗು 'ಧ' ಬರೆಯುವಲ್ಲಿ ಹತ್ತು ಸಲ 'ದ' ತೀಡಿದರೆ ತಪ್ಪೇ ಚೆನ್ನಾಗಿ ಬೆಳಗುತ್ತದೆ. "ಹೊಟ್ಟೆ ಸೀಳು ಮಗಾ" ಎನ್ನುವವರು ಪಕ್ಕದಲ್ಲಿ ಬೇಕು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗೆ ಕನ್ನಡವೇ ಬಾರದವರನ್ನು ನೇಮಿಸಿದಾಗ ಹೆತ್ತವರು, ಮಕ್ಕಳು ಪ್ರತಿಭಟನೆಗೆ ಕೂತದ್ದು ಒಂದೆರಡು ಸಲವಲ್ಲ. ಉಪಕರಣಕ್ಕೆ ಕೇರಳದಲ್ಲಿ ಬರ ಇಲ್ಲ. ಶಾಲೆಗಳಿಗೆ ತಂತ್ರಜ್ಞಾನ ಒದಗಿಸುವ ಅಲ್ಲಿನ ಸರಕಾರಿ ಸಂಸ್ಥೆ ಕೈಟ್‌ನ ಯೋಜನೆಯಲ್ಲಿ 45,000 ತರಗತಿಗಳು ಹೈಟೆಕ್ ಆದವು. ಬರ ಇರುವುದು ಕನ್ನಡ ಬಲ್ಲ ಮೇಷ್ಟ್ರಿಗೆ.

ನಮ್ಮ ಮಳೆಯನ್ನೂ ನೋಡಿ. ಇಂಥ ಪರದೆಗಳಲ್ಲಿ ಬಳಸುವ ಸಾವಯವ (ಅಂದರೆ ಇಂಗಾಲ ಆಧಾರಿತ) ವಸ್ತುಗಳಿಗೆ ತೇವ, ಗಾಳಿ ಎರಡೂ ಆಗುವುದಿಲ್ಲ. ಭದ್ರವಾಗಿ ಮುಚ್ಚದಿದ್ದರೆ ಕೆಡುತ್ತವೆ. ಜೂನ್‌ನಲ್ಲಿ ಕಪಾಟಿನ ಬಟ್ಟೆಗೂ ಬೂಷ್ಟು ಹಿಡಿಯುವ ಊರು ಇದು. ಮೆಮ್ರಿಸ್ಟರ್‌ಗಳಿಗೆ ಇನ್ನೊಂದು ತೊಂದರೆ ಇದೆ. ಒಂದರಂತೆ ಇನ್ನೊಂದು ನಡೆದುಕೊಳ್ಳುವುದಿಲ್ಲ. ಒಂದೇ ಒತ್ತಿಗೆ ಒಂದು ಮೂಲೆ ಬೆಳಗಿ ಇನ್ನೊಂದು ಮಂಕಾದರೆ ಮಗು ಏನೆಂದುಕೊಂಡೀತು?

ಕನ್ನಡ ಬಲ್ಲ ಟೀಚರ್ ಕಾಯಂ ಆಗಿ ಬರಲಿ. ಆಮೇಲೆ ಪರದೆ ಬೇಕೆಂದು ಅರ್ಜಿ ಬರೆಯಿರಿ, ಮೊದಲ ಸಹಿ ನನ್ನದೇ.